ಎಚ್‌ಪಿ ದೊಡ್ಡದಿದ್ದರೆ ಗುಡ್ಡ ಏರುತ್ತದೆಯೆ?

‘ಹತ್ತು ಎಚ್‌ಪಿ ಮೋಟರ್ ಕುಂದರಿಸೀವ್ರಿ, ಇನ್ನ ಗಿಯರ್ ಬಾಕ್ಸ್ ಯಾತಕ್ಕ? ತಗದ ಒಗದೀವಿ.’

ಹಳೆಯ ಪೆಟ್ರೋಲ್ ಕಾರನ್ನು ಬ್ಯಾಟರಿ ಕಾರು ಮಾಡಲು ಹೊರಟವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುನವಳ್ಳಿ ಸುತ್ತಲಿನ ರೈತರಿಗೆ ಎಚ್‌ಪಿ ಕಲಿಸಿದ್ದು ಮಲಪ್ರಭೆ ದಂಡೆಯ ಪಂಪ್‌ಸೆಟ್. ಐದು ಸಾಲದಿದ್ದರೆ ಏಳೂವರೆ, ಅದೂ ಸಾಲದಿದ್ದರೆ ಹತ್ತು. ಪಂಪಿಗೆ ಈ ಲೆಕ್ಕ ಸಾಕು, ಏಕೆಂದರೆ ಅದು ಇಡೀ ದಿನ ಒಂದೇ ವೇಗದಲ್ಲಿ ತಿರುಗುತ್ತದೆ. ಕಾರು ನಿಂತಲ್ಲಿಂದ ಎದ್ದು, ಏರು ಹತ್ತಿ, ಬಯಲಲ್ಲಿ ಓಡಬೇಕು.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೀರಿ ಎನ್ನಿ. ನಾಲ್ಕು ಜನ, ಬ್ಯಾಟರಿ ಎಲ್ಲ ಸೇರಿ ಸಣ್ಣ ಕಾರಿನ ತೂಕ 1,000 ಕಿಲೊ. ಎಂಟು ಅಡಿಗೆ ಒಂದಡಿ ಏರುವ ದಾರಿ ಎಂದಿಟ್ಟುಕೊಳ್ಳಿ. ಗಾಲಿಯ ಅಡ್ಡಳತೆ ಅರ್ಧ ಮೀಟರ್ ಇದ್ದರೆ ಅಲ್ಲಿ ಬೇಕಾಗುವ ತಿರುಗಿಸುವ ಬಲ, ಅಂದರೆ ಟಾರ್ಕ್, ಸುಮಾರು 340 ನ್ಯೂಟನ್ ಮೀಟರ್. ನಿಮಿಷಕ್ಕೆ 3,000 ಸುತ್ತಿನ ಹತ್ತು ಎಚ್‌ಪಿ ಮೋಟರ್ ಕೊಡುವುದು 24 ಮಾತ್ರ. ಗಿಯರ್ ಬಾಕ್ಸ್ ಒಗೆದವರ ಬಳಿ ಉಳಿದದ್ದು ಡಿಫರೆನ್ಶಿಯಲ್‌ನ ನಾಲ್ಕು ಪಟ್ಟು: 96. ಮೋಟರಿಗೆ ಸ್ವಲ್ಪ ಹೊತ್ತು ಎರಡರಷ್ಟು ಕರೆಂಟ್ ಕೊಟ್ಟರೂ ಕಾರು ಅಲ್ಲೇ ನಿಲ್ಲುತ್ತದೆ.

ಅದೇ ಮೋಟರ್ 15 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ಬರುವಂತೆ ಮಾಡಿ. ಟಾರ್ಕ್ 360 ಆಗುತ್ತದೆ, ಕಾರು ಗಂಟೆಗೆ 19 ಕಿ.ಮೀ. ವೇಗದಲ್ಲಿ ಗುಡ್ಡ ಹತ್ತುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಮೊದಲ ಗಿಯರ್ ಕೊಡುವುದು ಹೆಚ್ಚುಕಡಿಮೆ ಇದನ್ನೇ. ಅವರು ಗುಜರಿಗೆ ಹಾಕಿದ್ದೂ ಅದನ್ನೇ! ಹತ್ತುತ್ತದೋ ಇಲ್ಲವೋ ಎಂಬುದು ಗಿಯರಿನ ಮಾತು, ಎಷ್ಟು ಬೇಗ ಎಂಬುದು ಎಚ್‌ಪಿಯ ಮಾತು. ಹಿಟ್ಟಿನ ಗಿರಣಿಯವರನ್ನು ಕೇಳಿ: ಮೋಟರಿಗೆ ಸಣ್ಣ ಪುಲ್ಲಿ, ಕಲ್ಲಿಗೆ ದೊಡ್ಡ ಪುಲ್ಲಿ, ನಡುವೆ ಪಟ್ಟಾ ಯಾಕೆ ಎಂದು ಅವರು ಒಂದೇ ಮಾತಿನಲ್ಲಿ ಹೇಳುತ್ತಾರೆ.

ಏರಿನಲ್ಲಿ ಒಮ್ಮೆ ನಿಂತರೆ ಹೋಗಲಿ ಎನ್ನಬಹುದು, ಆದರೆ ಮೋಟರ್ ಸುಡುತ್ತದೆ. ಗಿಯರಿನ ಅನುಪಾತ ಅರ್ಧಕ್ಕಿಳಿದರೆ ಅದೇ ಎಳೆತಕ್ಕೆ ಎರಡರಷ್ಟು ಕರೆಂಟ್ ಬೇಕು, ತಂತಿ ಸುತ್ತಿನ ಬಿಸಿ ನಾಲ್ಕರಷ್ಟಾಗುತ್ತದೆ. ಗಿಯರ್ ಬಾಕ್ಸ್ ಉಳಿಸಿಕೊಂಡು ಸದಾ ಟಾಪ್ ಗಿಯರಿನಲ್ಲೇ ಓಡಿಸುವವರ ಗತಿಯೂ ಇದೇ. 15 ಒಳ್ಳೆಯದೆಂದು ಅದಕ್ಕೇ ಅಂಟಿಕೊಂಡರೂ ಆಗದು. ಬಯಲಲ್ಲಿ 60 ಕಿ.ಮೀ. ವೇಗಕ್ಕೆ ಆ ಮೋಟರ್ ನಿಮಿಷಕ್ಕೆ 9,500 ಸುತ್ತು ತಿರುಗಬೇಕಾಗುತ್ತದೆ.

ಎಲೆಕ್ಟ್ರಿಕ್ ಕಾರಿಗೆ ಗಿಯರೇ ಇರುವುದಿಲ್ಲ ಎಂಬುದೂ ಸುಳ್ಳು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾದಲ್ಲಿ ಬದಲಾಯಿಸುವ ಗಿಯರ್ ಇರಲಿಲ್ಲ, ವೇಗ ಇಳಿಸುವ ಗಿಯರ್ ಇತ್ತು. ಮೊದಮೊದಲ ಟೆಸ್ಲಾ ಮಾಡೆಲ್ ಎಸ್‌ನಲ್ಲಿ ಮೋಟರ್ 9.73 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಅಲ್ಲಿ ಒಂದೇ ಗಿಯರ್ ಸಾಕಾಗುವುದು ಮೋಟರನ್ನೂ ಗಿಯರನ್ನೂ ಒಂದಕ್ಕೊಂದು ಹೊಂದಿಸಿಯೇ ಕಟ್ಟಿರುವುದರಿಂದ.

ಇನ್ನು ಗಾಲಿಗೆ ಡೈನಮೊ ಕಟ್ಟಿದರೆ ಓಡುತ್ತಲೇ ಬ್ಯಾಟರಿ ತುಂಬುತ್ತದೆ ಎನ್ನುವವರು. ಡೈನಮೊ ತಿರುಗಿಸುವ ಶಕ್ತಿಯೂ ಅದೇ ಬ್ಯಾಟರಿಯಿಂದ ಬರಬೇಕು, ನಡುವೆ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಸೈಕಲ್ಲಿಗೆ ಡೈನಮೊ ಹಚ್ಚಿಕೊಂಡು ತುಳಿದವರ ಮೊಣಕಾಲಿಗೆ ಇದು ಗೊತ್ತು. ಆದರೂ ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೊ ನೋಡಿ ಜನ ಮುಂಗಡ ಕೊಡುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡೆಸಿ ನೋಡುವವರು ಇಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಚೌಕಾಶಿ ಮಾತ್ರ ಮಾಡುತ್ತಾರೆ. ಅದು ನನಗೆ ಎಲ್ಲಕ್ಕಿಂತ ನೋವು ತರುವ ಸಂಗತಿ.

ಮಾರುವವರನ್ನು ಕೇಳಿ: ಮೋಟರ್ ಒಂದು ಗಂಟೆ ಬಿಡದೆ ಕೊಡಬಲ್ಲ ಟಾರ್ಕ್ ಎಷ್ಟು? ಚೀಟಿಯ ಮೇಲಿನ ಎಚ್‌ಪಿ ಕೆಲವು ಸೆಕೆಂಡಿನದೊ, ಇಡೀ ದಿನದ್ದೊ? ಕಾರು ತುಂಬಿದಾಗಿನ ತೂಕಕ್ಕೆ ಲೆಕ್ಕ ಹಾಕಿದ್ದೀರಾ? ಈ ಕಿಟ್‌ಗೆ ಸರಕಾರದ ಮಾನ್ಯತೆ ಇದೆಯೆ, ಆರ್‌ಸಿಯಲ್ಲಿ ಬದಲಾವಣೆ ನಮೂದಾಗುತ್ತದೆಯೆ? ಬಾಯಿಮಾತಿನ ಉತ್ತರ ಬೇಡ, ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು, ಅವರದೇ ಬ್ಯಾಟರಿಯಲ್ಲಿ, ಗುಡ್ಡಕ್ಕೆ ಕರೆದುಕೊಂಡು ಹೋಗಲು ಹೇಳಿ.