ಅಪ್‌ಡೇಟ್ ಆಟಕ್ಕೆ, ನಿದ್ದೆಗೇಡು ಮಕ್ಕಳಿಗೆ

ಮೈಸೂರಿನ ಕುವೆಂಪುನಗರವಾಗಲಿ, ಉದಯಗಿರಿಯಾಗಲಿ, ತಾಯಂದಿರ ದೂರು ಒಂದೇ: "ಡಾಕ್ಟ್ರೇ, ಗೇಮಿಗೆ ಅಪ್‌ಡೇಟ್ ಬಂತೆಂದರೆ ಇವನಿಗೆ ಊಟವೂ ಬೇಡ, ನಿದ್ದೆಯೂ ಬೇಡ."

ಹಿಂದೆ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದ ವಿಡಿಯೋ ಗೇಮ್ ಕೊಂಡ ದಿನ ಹೇಗಿತ್ತೋ ಕೊನೆಯವರೆಗೂ ಹಾಗೆಯೇ ಇರುತ್ತಿತ್ತು. ಬಿ.ಜಿ.ಎಂ.ಐ.ನಂಥ ಇಂದಿನ ಮೊಬೈಲ್ ಆಟಗಳಿಗೆ ಕೊನೆಯೇ ಇಲ್ಲ. ಅಪ್‌ಡೇಟ್‌ನಿಂದ ದೋಷಗಳು ಸರಿಹೋಗುತ್ತವೆ, ಮೋಸದಾಟಕ್ಕೆ ಕಡಿವಾಣ ಬೀಳುತ್ತದೆ, ನಿಜ. ಆದರೆ ಡೇಟಾ ಖಾಲಿಯಾಗುತ್ತದೆ. ಮಾಡಿಕೊಳ್ಳದಿದ್ದರೆ ಆಟವೇ ತೆರೆಯದು. ಜೊತೆಗೆ, ಇಂತಿಷ್ಟು ದಿನದೊಳಗೆ ಆಡಿದವರಿಗಷ್ಟೇ ಬಹುಮಾನ. ಈ ಗಡುವೇ ಮಕ್ಕಳನ್ನು ರಾತ್ರಿಯಿಡೀ ಕೂರಿಸುವುದು.

ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕಡಿಮೆಯಾದರೆ ಸಿಡುಕು, ತಲೆನೋವು, ಓದಿನಲ್ಲಿ ಹಿನ್ನಡೆ. ನಿರ್ಬಂಧಕ್ಕೊಳಗಾಗಿದ್ದ ಬಿ.ಜಿ.ಎಂ.ಐ. 2023ರಲ್ಲಿ ಮರಳಿದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಯಿತು. ಅಪ್ಪನ ಖಾತೆಯಲ್ಲಿ ಆಡುವ ಮಗನಿಗೆ ಇಂಥ ಮಿತಿ ತಟ್ಟದು!

ಏನು ಮಾಡಬೇಕು? ಆಟದ ನಡುವೆ ಫೋನ್ ಕಿತ್ತುಕೊಳ್ಳಬೇಡಿ. ಸಿಟ್ಟು ಹೆಚ್ಚುತ್ತದೆ, ಅಷ್ಟೆ. ಡೌನ್‌ಲೋಡ್ ರಜೆಯ ದಿನ ಹಗಲಿನಲ್ಲಿ ಆಗಲಿ. ಎಷ್ಟು ಹೊತ್ತು ಆಟ ಎಂದು ಮೊದಲೇ ಮಾತಾಡಿಕೊಳ್ಳಿ. ಮಲಗುವ ಒಂದು ಗಂಟೆ ಮೊದಲು ಎಲ್ಲರ ಫೋನುಗಳೂ ನಡುಮನೆ ಸೇರಲಿ, ಅಪ್ಪ ಅಮ್ಮನದೂ ಸಹ.

ಶಾಲೆ, ಊಟ, ಗೆಳೆಯರನ್ನು ತಿಂಗಳುಗಟ್ಟಲೆ ಕಡೆಗಣಿಸಿ ಆಟವೇ ಸರ್ವಸ್ವವಾದರೆ ಬೈದು ಫಲವಿಲ್ಲ. ವೈದ್ಯರನ್ನು ಕಾಣಿ, ಇಲ್ಲವೇ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಿ.