ಗುರ್ಲಹೊಸೂರಿನಿಂದ ಪುಣೆಯ ರಂಗಕ್ಕೆ: ಅಣ್ಣಾಸಾಹೇಬ ಕಿರ್ಲೋಸ್ಕರ್

ಭೋರ್: ಕಿರ್ಲೋಸ್ಕರ್ ಎಂದೊಡನೆ ಪುಣೆ ಜಿಲ್ಲೆಯ ಹೊರನಾಡ ಕನ್ನಡಿಗರಿಗೆ ನೆನಪಾಗುವುದು ಪಂಪು, ಡೀಸೆಲ್ ಎಂಜಿನ್. ಆದರೆ ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರಿಗಿಂತ ಮೊದಲೇ, ಅವರು ಹುಟ್ಟಿದ ಊರಿನವರೇ ಆದ ಇನ್ನೊಬ್ಬ ಕಿರ್ಲೋಸ್ಕರ್ ಪುಣೆಯಲ್ಲಿ ಹೆಸರು ಮಾಡಿದ್ದರು. ಅವರೇ ನಟ, ನಾಟಕಕಾರ ಬಲವಂತ ಪಾಂಡುರಂಗ ಕಿರ್ಲೋಸ್ಕರ್. ಜನ ಪ್ರೀತಿಯಿಂದ ಕರೆದದ್ದು ಅಣ್ಣಾಸಾಹೇಬ ಎಂದು.

ಕಾಪೂರಹೋಳದಲ್ಲಿ ಭೋರಿನ ರಸ್ತೆಗೆ ತಿರುಗದೆ ಹೆದ್ದಾರಿಯಲ್ಲೇ ದಕ್ಷಿಣಕ್ಕೆ ಸಾಗಿದರೆ ಬೆಳಗಾವಿ ಸಿಗುತ್ತದೆ. ಆ ಜಿಲ್ಲೆಯ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1843ರ ಮಾರ್ಚ್ 31ರಂದು ಅವರ ಜನನ. ಅದೇ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಅವರು 'ಸೀತಾಸ್ವಯಂವರ' ಆಡಿಸಿದರು. ಅದಕ್ಕೆ ಪ್ರೇರಣೆ ನಮ್ಮ ಉತ್ತರ ಕನ್ನಡದ ಯಕ್ಷಗಾನ ಮೇಳ ಎಂಬುದನ್ನು ಮರಾಠಿ ವಿದ್ವಾಂಸರೇ ಒಪ್ಪುತ್ತಾರೆ.

ಅಣ್ಣಾಸಾಹೇಬರ ಮನೆಮಾತು ಮರಾಠಿ, ಪೂರ್ವಜರು ಕೊಂಕಣದ ಕಿರ್ಲೋಶಿಯವರು. ಹಾಗಿದ್ದೂ ಅವರನ್ನು ನಮ್ಮವರು ಎನ್ನಲು ಕಾರಣವಿದೆ. ಹೊಟ್ಟೆಪಾಡಿಗೆ ಶಿಕ್ಷಕ ವೃತ್ತಿ, ಆಮೇಲೆ ಸರಕಾರಿ ಕಚೇರಿಯ ನೌಕರಿ ಮಾಡುತ್ತಲೇ ಅವರು ನಾಟಕದ ಹುಚ್ಚು ಬಿಡಲಿಲ್ಲ. (ಹಗಲೆಲ್ಲ ಕಚೇರಿ, ಸಂಜೆ ತಾಲೀಮು ಎಂಬ ಪಾಡು ನಮ್ಮ ಸಂಘಗಳ ಕಲಾವಿದರಿಗೆ ಹೊಸದೇನಲ್ಲ.) ಪುಣೆಯಲ್ಲಿ ಪಾರ್ಸಿ ಕಂಪನಿಯ 'ಇಂದ್ರಸಭಾ' ನೋಡಿದ ಮೇಲೆ, ಪಾತ್ರಧಾರಿಗಳೇ ಹಾಡುವ ನಾಟಕ ಮರಾಠಿಯಲ್ಲಿ ಏಕೆ ಬೇಡ ಎಂದು ಕಾಳಿದಾಸನ ಶಾಕುಂತಲವನ್ನು ಕೈಗೆತ್ತಿಕೊಂಡರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ'ದ ಮೊದಲ ನಾಲ್ಕು ಅಂಕಗಳು ರಂಗವೇರಿದವು. ಸೂತ್ರಧಾರ ಸ್ವತಃ ಅಣ್ಣಾಸಾಹೇಬರೇ. 1882ರಲ್ಲಿ 'ಸಂಗೀತ ಸೌಭದ್ರ' ಬಂದಿತು.

ಈ ನಾಟಕಗಳ ಪದಗಳಿಗೆ ಅವರು ಹಿಂದೂಸ್ತಾನಿ ರಾಗಗಳ ಜತೆಗೆ ಚಿಕ್ಕಂದಿನಲ್ಲಿ ಕೇಳಿದ ಕನ್ನಡ ನಾಡಿನ ಧಾಟಿಗಳನ್ನೂ ಕೂಡಿಸಿದರು. ಮರಾಠಿ ಪ್ರೇಕ್ಷಕ ತನ್ನದೆಂದು ತಲೆದೂಗಿದ ಮಟ್ಟುಗಳಲ್ಲಿ ಕೆಲವು ಮಲಪ್ರಭೆಯ ಕಡೆಯವು!

ಆದರೆ ಲಾಭ ಒಂದೇ ಕಡೆಯದಾಗಿತ್ತೆಂದು ಹೇಳಲಾಗದು. ಆ ಕಾಲದಲ್ಲಿ ಧಾರವಾಡ, ಗದಗ, ಬೆಳಗಾವಿಯ ಜನ ಮರಾಠಿ ನಾಟಕಗಳಿಗೇ ಮುಗಿಬೀಳುತ್ತಿದ್ದರು. ಇದನ್ನು ಕಂಡು ನೊಂದ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿ, ತಾವೇ ನಾಟಕ ಬರೆದು ಆಡಿಸಿದರು. ಮುಂದೆ ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳಿಗೆ ಅದೇ ದಾರಿಯಾಯಿತು.

ಅಣ್ಣಾಸಾಹೇಬರ ಕೊನೆಯ ನಾಟಕ 'ರಾಮರಾಜ್ಯವಿಯೋಗ' ಪೂರ್ಣವಾಗಲಿಲ್ಲ. ಪುಣೆಯ ಕೀರ್ತಿಯನ್ನೆಲ್ಲ ಹಿಂದೆ ಬಿಟ್ಟು ಹುಟ್ಟೂರಿಗೆ ಮರಳಿದ ಅವರು 1885ರ ನವೆಂಬರ್ 2ರಂದು ಗುರ್ಲಹೊಸೂರಿನಲ್ಲೇ ಕಣ್ಣುಮುಚ್ಚಿದರು. ಆಗ ಅವರಿಗೆ 42 ವರ್ಷ.