ತನ್ನನ್ನೇ ಹೆರುವ ಯಂತ್ರ

ಯಂತ್ರ ತನ್ನಂಥದೇ ಇನ್ನೊಂದು ಯಂತ್ರವನ್ನು ಹೆತ್ತೀತೇ? 1948ರಲ್ಲಿ ಅಮೆರಿಕದ ಪಸಡೀನಾದ ಉಪನ್ಯಾಸವೊಂದರಲ್ಲಿ ಗಣಿತಜ್ಞ ಜಾನ್ ವಾನ್ ನಾಯ್ಮನ್ ಸಾಧ್ಯ ಎಂದರು. ತನ್ನ ರಚನೆಯ ವಿವರ, ಅದನ್ನು ಓದಿ ಜೋಡಿಸುವ ಒಂದು ಭಾಗ, ಆ ವಿವರವನ್ನೇ ನಕಲು ಮಾಡುವ ಮತ್ತೊಂದು ಭಾಗ, ಇಷ್ಟಿದ್ದರೆ ಸಾಕು. ಡಿಎನ್‌ಎ ರಚನೆ ತಿಳಿಯಲು ಇನ್ನೂ ಐದು ವರ್ಷವಿತ್ತು; ಜೀವಕೋಶದ ಗುಟ್ಟನ್ನು ಅವರು ಬರೀ ತರ್ಕದಿಂದ ಮುಟ್ಟಿದ್ದರು.

1959ರಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಪರಮಾಣುಗಳನ್ನು ಒಂದೊಂದಾಗಿ ಜೋಡಿಸುವ ಮಾತಾಡಿದರು. ಈ ಎರಡೂ ವಿಚಾರಗಳನ್ನು ಕೂಡಿಸಿದವರು ಅಮೆರಿಕದ ಎಂಜಿನಿಯರ್ ಎರಿಕ್ ಡ್ರೆಕ್ಸ್ಲರ್. ಅವರ ಕಲ್ಪನೆಯಲ್ಲಿ, ಕಣ್ಣಿಗೆ ಕಾಣದ ರೋಬಾಟ್ ರೋಗಪೀಡಿತ ಕೋಶವನ್ನು ರಿಪೇರಿ ಮಾಡೀತು, ಬೇಕಾದ ವಸ್ತುವನ್ನು ಅಗ್ಗವಾಗಿ ಕಟ್ಟೀತು. ಆದರೆ ಅಷ್ಟು ಚಿಕ್ಕ ಕೂಲಿಯಾಳು ಒಬ್ಬನಿಂದ ಏನೂ ಆಗದು, ಕೋಟ್ಯಂತರ ಬೇಕು; ಹಾಗಾಗಿ ಅವು ತಾವೇ ಹೆಚ್ಚಬೇಕು. ಅಪಾಯ ಇರುವುದೂ ಅಲ್ಲೇ. 1986ರ ಪುಸ್ತಕದಲ್ಲಿ ಅವರೇ ಲೆಕ್ಕ ಹಾಕಿ ತೋರಿಸಿದರು: ಪ್ರತಿ ಸಾವಿರ ಸೆಕೆಂಡಿಗೆ ಒಂದು ಎರಡಾದರೆ ಹತ್ತು ಗಂಟೆಯಲ್ಲಿ 6,800 ಕೋಟಿ ದಾಟುತ್ತದೆ, ಕಚ್ಚಾವಸ್ತು ಸಿಗುತ್ತಲೇ ಹೋದರೆ ಎರಡು ದಿನದೊಳಗೆ ಭೂಮಿಗಿಂತ ಭಾರ. ಎಲ್ಲವನ್ನೂ ತಿಂದು ಹಾಕುವ ಈ ರಾಶಿಗೆ ‘ಗ್ರೇ ಗೂ’ ಎಂಬ ಹೆಸರು ಬಿತ್ತು.

2000ದಲ್ಲಿ ಕಂಪ್ಯೂಟರ್ ತಜ್ಞ ಬಿಲ್ ಜಾಯ್, ಇಂಥ ಸಂಶೋಧನೆಯನ್ನೇ ಕೈಬಿಡೋಣ ಎಂದು ಬರೆದರು. ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ ರಿಚರ್ಡ್ ಸ್ಮಾಲಿ ಮರುವರ್ಷ ಈ ಕಲ್ಪನೆಯ ಬುಡಕ್ಕೇ ಕೊಡಲಿ ಇಟ್ಟರು. ಪರಮಾಣುವನ್ನು ಹಿಡಿಯುವ ರೋಬಾಟ್ ಬೆರಳೂ ಪರಮಾಣುಗಳದ್ದೇ ಆದ್ದರಿಂದ ಅದು ದಪ್ಪ. ಹಿಡಿದದ್ದನ್ನು ಬಿಡದಷ್ಟು ಅಂಟು ಬೇರೆ. ಡ್ರೆಕ್ಸ್ಲರ್ ಒಪ್ಪಲಿಲ್ಲ. ಆದರೂ 2004ರಲ್ಲಿ ಸಂಶೋಧಕ ಕ್ರಿಸ್ ಫೀನಿಕ್ಸ್ ಜೊತೆ ಬರೆದ ಪ್ರಬಂಧದಲ್ಲಿ, ಸ್ವತಂತ್ರವಾಗಿ ಅಲೆಯುತ್ತ ಹೆಚ್ಚುವ ಯಂತ್ರದ ಅಗತ್ಯವೇ ಇಲ್ಲ, ನಿಂತಲ್ಲೇ ನಿಂತ ಕಾರ್ಖಾನೆ ಸಾಕು ಎಂದರು. ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಈ ಮಾತೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ತಂಡ ಕಟ್ಟಿದ ತಿರುಪಿನಾಕಾರದ ನ್ಯಾನೊರೋಬಾಟ್ ಹಲ್ಲಿನ ಸೂಕ್ಷ್ಮ ನಾಳಗಳೊಳಗೂ ನುಗ್ಗುತ್ತದೆ. ಅದನ್ನು ನಡೆಸುವುದು ಹೊರಗಿನ ಕಾಂತಕ್ಷೇತ್ರ; ಅದು ಮರಿ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ.

ಮರಿ ಹಾಕುವ ಕಲೆ ಲೋಹಕ್ಕಿಂತ ಜೀವದ್ರವ್ಯಕ್ಕೆ ಸಲೀಸು. ಕಪ್ಪೆಯ ಕೋಶಗಳಿಂದ ರೂಪಿಸಿದ, ಮಿಲಿಮೀಟರ್‌ಗಿಂತ ಚಿಕ್ಕದಾದ ‘ಜೆನೊಬಾಟ್’ಗಳು ಬಿಡಿ ಕೋಶಗಳನ್ನು ಗುಡಿಸಿ ಗುಡ್ಡೆ ಹಾಕಿ, ತಮ್ಮಂಥವೇ ಹೊಸವನ್ನು ಹುಟ್ಟಿಸಿದ್ದನ್ನು 2021ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಕೋಶ ಒದಗಿಸದಿದ್ದರೆ ಅವುಗಳ ಆಟ ಮುಗಿಯಿತು, ಅಷ್ಟರಮಟ್ಟಿಗೆ ಭಯವಿಲ್ಲ. ತಾನೇ ಆಹಾರ ಹುಡುಕಿಕೊಂಡು ಬೆಳೆಯುವಂಥದ್ದರ ಮಾತು ಬೇರೆ. ಉದಾಹರಣೆಗೆ, ಅಣುಗಳೆಲ್ಲ ಕನ್ನಡಿಬಿಂಬದಂತೆ ತಿರುಗಿರುವ ಬ್ಯಾಕ್ಟೀರಿಯಾವನ್ನು ಸೃಷ್ಟಿಸಬಾರದು ಎಂದು 2024ರ ಡಿಸೆಂಬರ್‌ನಲ್ಲಿ 38 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಎಚ್ಚರಿಸಿದರು. ಅಂಥ ಜೀವಿ ಇನ್ನೂ ಹುಟ್ಟಿಲ್ಲ. ಬೇಡ ಎನ್ನಲು ಸರಿಯಾದ ಹೊತ್ತು ಇದೇ.